ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮನೆಯವರ ಸಂದೇಹಗಳು ಮತ್ತು ರೋಗಿಯ ನಿರ್ಧಾರ

ನಮ್ಮ ಹೊರನಾಡ ಕನ್ನಡ ಕುಟುಂಬಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಬಂದಾಗ ಬೇಕೋ ಬೇಡವೋ ಎಂಬ ಚರ್ಚೆ ಹೆಚ್ಚು ನಡೆಯುವುದಿಲ್ಲ. ವೈದ್ಯರು ಹೇಳುತ್ತಾರೆ, ಹಣ ಹೊಂದಿಸುತ್ತೇವೆ, ದೇವರ ಮೇಲೆ ಭಾರ ಹಾಕಿ ಮಾಡಿಸುತ್ತೇವೆ. ಮೊಣಕಾಲಿನ ಕೀಲು ಬದಲಾವಣೆಯೂ ಈಗ ಅಷ್ಟೇ ಸಹಜವಾಗಿಬಿಟ್ಟಿದೆ. ಆದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಎತ್ತಿದೊಡನೆ ಮನೆಯ ವಾತಾವರಣವೇ ಬದಲಾಗುತ್ತದೆ. 'ಬಾಯಿ ಕಟ್ಟಿದರೆ ಸಾಲದೇ? ಇದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೇ?' ಎಂಬುದು ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯೂ ಅದರ ಹಿಂದೆಯೇ ಬರುತ್ತದೆ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ನಾನೂ ಒಬ್ಬ. 2018ರಲ್ಲಿ ನನ್ನ ತಂಗಿ ಈ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಿದಾಗ ನಮ್ಮ ತಾಯಿ, ತಂಗಿಯ ಯಜಮಾನರು ಹಾಗೂ ನಾನು ಮೂವರೂ ಬೇಡವೆಂದೆವು. ಆಗ ಆಕೆಯ ವಯಸ್ಸು 46, ಎತ್ತರ 157 ಸೆಂಟಿಮೀಟರ್, ತೂಕ 112 ಕಿಲೋ. ಹತ್ತು ವರ್ಷಗಳ ಮಧುಮೇಹ, ರಾತ್ರಿ ಉಸಿರು ನಿಂತು ನಿಂತು ಬರುವ ಗೊರಕೆಯ ಕಾಯಿಲೆ, ಲೋಕಲ್ ರೈಲಿನ ಸೇತುವೆ ಹತ್ತಲು ಬಿಡದ ಮೊಣಕಾಲು ನೋವು ಇವೆಲ್ಲ ಜೊತೆಗಿದ್ದವು. ನಮ್ಮ ವಾದಗಳನ್ನೆಲ್ಲ ಕೇಳಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: 'ಅಣ್ಣ, ಬೇಡ ಅನ್ನು, ಪರವಾಗಿಲ್ಲ. ಆದರೆ ಬೇಡ ಅಂದ ಮೇಲೆ ಮುಂದೇನು ಅಂತಲೂ ನೀನೇ ಹೇಳು.'

ಮೂರು ದಶಕ ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಆ ಮಾತು ನಾಟಿತು. ನಮ್ಮಲ್ಲಿ ಸಾಲದ ಅರ್ಜಿಯನ್ನು ಮಂಜೂರು ಮಾಡುವಾಗ ಮಾತ್ರವಲ್ಲ, ತಿರಸ್ಕರಿಸುವಾಗಲೂ ಕಾರಣ ಬರೆಯಬೇಕು. ನಾವು ಮೂವರೂ ಕಾರಣ ಬರೆಯದೆ ಅರ್ಜಿ ತಿರಸ್ಕರಿಸಿದ್ದೆವು. ಆ ಬಳಿಕ ನಾನು ಓದಿ, ವೈದ್ಯರಲ್ಲಿ ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇದೇ ತೊಳಲಾಟದಲ್ಲಿರುವ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ. ನಾನು ವೈದ್ಯನಲ್ಲ. ಈ ಲೇಖನ ವೈದ್ಯರ ಸಲಹೆಗೆ ಬದಲಿಯೂ ಅಲ್ಲ.

ಸ್ಥೂಲಕಾಯವನ್ನು ಅಳೆಯುವ ಬಗೆ

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಬಿಎಂಐ ಎಂದು ಹೆಸರು. ನನ್ನ ತಂಗಿಯ ಲೆಕ್ಕದಲ್ಲಿ 112ನ್ನು 1.57ರ ವರ್ಗದಿಂದ ಭಾಗಿಸಿದರೆ 45ಕ್ಕೂ ಹೆಚ್ಚು ಬರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಂತೆ 25ರಿಂದ ಮೇಲ್ಪಟ್ಟರೆ ಅಧಿಕ ತೂಕ, 30ರಿಂದ ಮೇಲ್ಪಟ್ಟರೆ ಸ್ಥೂಲಕಾಯ. ಭಾರತೀಯರಿಗೆ ನಮ್ಮ ದೇಶದ ತಜ್ಞರು ಈ ಮಿತಿಗಳನ್ನು 23 ಹಾಗೂ 25ಕ್ಕೆ ಇಳಿಸಿದ್ದಾರೆ.

ಹೀಗೇಕೆ ಎಂಬುದಕ್ಕೆ ಪುಣೆಯಿಂದಲೇ ಒಂದು ಸ್ವಾರಸ್ಯಕರ ಉದಾಹರಣೆಯಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಮಧುಮೇಹ ಸಂಶೋಧಕ ಡಾ. ಸಿ. ಎಸ್. ಯಾಜ್ಞಿಕ್ ಅವರು ತಮ್ಮ ಬ್ರಿಟಿಷ್ ಸಹೋದ್ಯೋಗಿ ಡಾ. ಯುಡ್ಕಿನ್ ಅವರೊಡನೆ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2! ಒಂದೇ ತೂಕದ ಪಾಶ್ಚಾತ್ಯರಿಗಿಂತ ನಮ್ಮವರ ದೇಹದಲ್ಲಿ, ಅದರಲ್ಲೂ ಹೊಟ್ಟೆಯ ಒಳಭಾಗದಲ್ಲಿ, ಹೆಚ್ಚು ಕೊಬ್ಬು ಶೇಖರವಾಗಿರುತ್ತದೆ. ಆದುದರಿಂದಲೇ ಕಡಿಮೆ ತೂಕದಲ್ಲಿಯೇ ನಮ್ಮವರಿಗೆ ಮಧುಮೇಹ ಅಂಟಿಕೊಳ್ಳುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಂತೆ ದೇಶದ ವಯಸ್ಕ ಮಹಿಳೆಯರಲ್ಲಿ ಶೇಕಡಾ 24, ಪುರುಷರಲ್ಲಿ ಶೇಕಡಾ 22.9 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಹಾಗೆಂದು ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದು ಅರ್ಥವಲ್ಲ. ಬಹುಪಾಲು ಜನರಿಗೆ ಆಹಾರ, ನಡಿಗೆ, ನಿದ್ರೆ ಮತ್ತು ಔಷಧಗಳೇ ಸಾಕು.

ಶಸ್ತ್ರಚಿಕಿತ್ಸೆಯಲ್ಲಿ ನಿಜವಾಗಿ ಮಾಡುವುದೇನು?

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಚರ್ಮದ ಕೆಳಗಿನ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್ ಎಂಬುದು ಸೌಂದರ್ಯ ಚಿಕಿತ್ಸೆ. ಅದು ತೂಕದ ಕಾಯಿಲೆಗೆ ಪರಿಹಾರವಲ್ಲ. ಬೇರಿಯಾಟ್ರಿಕ್ ಸರ್ಜರಿ ಎಂಬುದು ಜಠರ ಮತ್ತು ಕರುಳಿನ ಮೇಲೆ ನಡೆಯುವ, ಮಧುಮೇಹವೇ ಮೊದಲಾದ ರೋಗಗಳನ್ನು ಉದ್ದೇಶಿಸಿದ ಶಸ್ತ್ರಚಿಕಿತ್ಸೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ಕನ್ನಡದ ಪ್ರತಿ ಮನೆಯನ್ನೂ ತಲುಪಿತ್ತು. ಅಂದಿನಿಂದ ಅನೇಕ ಮನೆಗಳಲ್ಲಿ ಈ ಎರಡೂ ಒಂದೇ ಎಂಬ ಭಾವನೆ ಬೇರೂರಿದೆ. ಇವು ಬೇರೆ ಬೇರೆ.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಇಂದು ನಿನ್ನೆಯದಲ್ಲ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು 1966ರಲ್ಲಿ ಆರಂಭಿಸಿದರು. 1990ರ ದಶಕದಲ್ಲಿ ಇದು ಲ್ಯಾಪರೊಸ್ಕೋಪಿ ಮೂಲಕ, ಅಂದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ನಡೆಯತೊಡಗಿತು. ನಮ್ಮ ದೇಶದ ಸಾರ್ವಜನಿಕ ಜೀವನದಲ್ಲಿ ನಿತಿನ್ ಗಡ್ಕರಿಯವರು 2011ರಲ್ಲಿ ಮುಂಬಯಿಯಲ್ಲಿಯೂ ಅರುಣ್ ಜೇಟ್ಲಿಯವರು 2014ರಲ್ಲಿ ದೆಹಲಿಯಲ್ಲಿಯೂ ಇದನ್ನು ಮಾಡಿಸಿಕೊಂಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಇಂದು ಹೆಚ್ಚಾಗಿ ನಡೆಯುವ ವಿಧಾನಗಳು ಇವು:

1. ಸ್ಲೀವ್ ಗ್ಯಾಸ್ಟ್ರೆಕ್ಟಮಿ: ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯ ಆಕಾರದ ಕೊಳವೆಯಂತೆ ಮಾಡುತ್ತಾರೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಇದರೊಂದಿಗೆ ಹೋಗುವುದರಿಂದ ಹಸಿವು ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ತೆಗೆದ ಭಾಗವನ್ನು ಮರಳಿ ಜೋಡಿಸಲಾಗದು. ಕೆಲವರಲ್ಲಿ ಎದೆಯುರಿ, ಹುಳಿತೇಗು ಹೆಚ್ಚಾಗಬಹುದು.

2. ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರವು ಉಳಿದ ಜಠರ ಹಾಗೂ ಕರುಳಿನ ಆರಂಭದ ಭಾಗವನ್ನು ಬಳಸಿ ಹೋಗುತ್ತದೆ. ಮಧುಮೇಹದ ಮೇಲೆ ಇದರ ಪರಿಣಾಮ ಬಲವಾದುದು. ಆದರೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಬಿ12 ಇವುಗಳ ಕೊರತೆಯ ಸಂಭವವೂ ಹೆಚ್ಚು. ಒಂದೇ ಜೋಡಣೆಯ 'ಮಿನಿ ಬೈಪಾಸ್' ಎಂಬ ರೂಪವೂ ನಮ್ಮಲ್ಲಿ ಬಳಕೆಯಲ್ಲಿದೆ.

ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ವಿಧಾನ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ನನ್ನ ತಂಗಿಗೆ ಹುಳಿತೇಗಿನ ತೊಂದರೆ ಮೊದಲಿನಿಂದಲೂ ಇದ್ದುದರಿಂದ ವೈದ್ಯರು ಸ್ಲೀವ್ ಬದಲು ಬೈಪಾಸ್ ಸೂಚಿಸಿದರು. ನೆರೆಮನೆಯವರಿಗೆ ಒಗ್ಗಿದ ವಿಧಾನವೇ ನಮಗೂ ಒಗ್ಗಬೇಕೆಂದಿಲ್ಲ ಎಂಬುದಕ್ಕೆ ಇದೊಂದು ದೃಷ್ಟಾಂತ.

ಯಾರಿಗೆ ಸೂಕ್ತ?

ಭಾರತದಲ್ಲಿ ಬಹುಕಾಲದಿಂದ ಪಾಲಿಸುತ್ತಿರುವ ಮಿತಿ ಹೀಗಿದೆ: ಬಿಎಂಐ 37.5 ಅಥವಾ ಹೆಚ್ಚಿದ್ದರೆ, ಇಲ್ಲವೇ 32.5 ಅಥವಾ ಹೆಚ್ಚಿದ್ದು ಮಧುಮೇಹ, ರಕ್ತದೊತ್ತಡ, ಸ್ಲೀಪ್ ಆಪ್ನಿಯಾದಂಥ ಕಾಯಿಲೆಗಳಿದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು ಏಷ್ಯಾದವರಿಗೆ 27.5ರಿಂದಲೇ ಇದನ್ನು ಸೂಚಿಸಬಹುದೆಂದು ಮಿತಿಯನ್ನು ಇನ್ನಷ್ಟು ಸಡಿಲಿಸಿದವು. ಮಿತಿ ಸಡಿಲವಾದ ಮಾತ್ರಕ್ಕೆ ಅವಸರಪಡಬೇಕಾದುದಿಲ್ಲ. ಮದ್ಯವ್ಯಸನ, ಚಿಕಿತ್ಸೆ ಪಡೆಯದ ಮಾನಸಿಕ ಖಿನ್ನತೆ, ಬಿಡಲೊಪ್ಪದ ಧೂಮಪಾನ ಇವುಗಳಿದ್ದಲ್ಲಿ ಮೊದಲು ಅವನ್ನು ಸರಿಪಡಿಸಿಕೊಳ್ಳಬೇಕು. ಥೈರಾಯ್ಡ್ ಮುಂತಾದ ಕಾರಣಗಳಿವೆಯೇ ಎಂಬುದನ್ನೂ ನೋಡಬೇಕು.

ಮದುವೆಯ ಮಾರುಕಟ್ಟೆಗಾಗಿ ಮಗಳನ್ನು ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವ ಮನೆಗಳೂ ಇವೆ. ಅಲ್ಲಿ ಸಂದೇಹ ಹುಡುಗಿಯದು, ಒತ್ತಡ ಮನೆಯವರದು. ಆಕೆಯ ಒಪ್ಪಿಗೆಯಿಲ್ಲದೆ ನಡೆಯುವ ಚಿಕಿತ್ಸೆ ಯಶಸ್ವಿಯಾಗದು. ಏಕೆಂದರೆ ಆಮೇಲಿನ ಶಿಸ್ತನ್ನು ಜೀವನವಿಡೀ ಪಾಲಿಸಬೇಕಾದವಳು ಅವಳೇ.

ಸಾಮಾನ್ಯ ಸಂದೇಹಗಳು ಮತ್ತು ಅವುಗಳ ಉತ್ತರ

'ಮನಸ್ಸು ಗಟ್ಟಿ ಮಾಡಿದರೆ ತೂಕ ತಾನಾಗಿ ಇಳಿಯುವುದಿಲ್ಲವೇ?' ಸ್ವಲ್ಪ ತೂಕ ಹೆಚ್ಚಿರುವವರಲ್ಲಿ ಇದು ಸಾಧ್ಯ. ತೀವ್ರ ಸ್ಥೂಲಕಾಯದಲ್ಲಿ ದೇಹವೇ ಎದುರು ನಿಲ್ಲುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು 50 ಮಂದಿಯನ್ನು ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೂಕ ಇಳಿದು ಒಂದು ವರ್ಷ ಕಳೆದರೂ ಅವರ ದೇಹದಲ್ಲಿ ಹಸಿವೆಯ ಹಾರ್ಮೋನುಗಳು ಏರಿದ ಮಟ್ಟದಲ್ಲಿಯೇ ಇದ್ದವು. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹ ಹವಣಿಸುತ್ತಿತ್ತು. ನನ್ನ ತಂಗಿ ಮೂರು ಬಾರಿ ಹತ್ತು ಹನ್ನೆರಡು ಕಿಲೋ ಇಳಿಸಿ ಮೂರು ಬಾರಿಯೂ ಮರಳಿ ಪಡೆದಿದ್ದಳು. ನಾವು ಅದನ್ನು ಅವಳ ಸೋಮಾರಿತನವೆಂದೇ ಬಗೆದಿದ್ದೆವು. ಆ ವಿಷಯದಲ್ಲಿ ನಾವು ಅವಳಿಗೆ ಅನ್ಯಾಯ ಮಾಡಿದ್ದೆವು ಎಂದು ಈಗ ಒಪ್ಪಿಕೊಳ್ಳುತ್ತೇನೆ.

'ಜೀವಕ್ಕೆ ಅಪಾಯವಲ್ಲವೇ?' ಅಪಾಯವಿಲ್ಲದ ಶಸ್ತ್ರಚಿಕಿತ್ಸೆಯೆಂಬುದಿಲ್ಲ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ 4,776 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ದಿನಗಳೊಳಗೆ ಮರಣ ಹೊಂದಿದವರು ಶೇಕಡಾ 0.3, ಅಂದರೆ ಸಾವಿರಕ್ಕೆ ಮೂವರು. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು, ಇವು ಮುಖ್ಯ ಅಪಾಯಗಳು. ಅನುಭವಿ ತಂಡ, ಸುಸಜ್ಜಿತ ತೀವ್ರ ನಿಗಾ ಘಟಕ ಇದ್ದಲ್ಲಿ ಅಪಾಯ ತಗ್ಗುತ್ತದೆ. 2024ರಲ್ಲಿ ಚೆನ್ನೈಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ದಾಖಲಾದ ಯುವಕನೊಬ್ಬ ಮೃತಪಟ್ಟಾಗ ತಮಿಳುನಾಡು ಸರಕಾರ ತನಿಖೆಗೆ ಆದೇಶಿಸಿತ್ತು. ಇಂಥ ಸುದ್ದಿಗಳನ್ನು ಮನೆಯವರು ಎತ್ತಿದಾಗ ಅವರನ್ನು ಗದರಿಸಿ ಸುಮ್ಮನಾಗಿಸಬಾರದು. ಎಲ್ಲಿ, ಯಾರಿಂದ, ಯಾವ ಸೌಲಭ್ಯವಿರುವಲ್ಲಿ ಮಾಡಿಸಿಕೊಳ್ಳಬೇಕೆಂಬ ಎಚ್ಚರಿಕೆಗೆ ಆ ಭಯವೇ ಮೂಲವಾಗಬೇಕು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಾವಧಿ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಜನರನ್ನು, ಮಾಡಿಸಿಕೊಳ್ಳದ ಅಷ್ಟೇ ಸಂಖ್ಯೆಯ ಸ್ಥೂಲಕಾಯರೊಡನೆ ಹೋಲಿಸಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶಸ್ತ್ರಚಿಕಿತ್ಸೆಯಾದವರ ನಿರೀಕ್ಷಿತ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚು. ಆದರೂ ಅದು ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆಯೇ ಇತ್ತು. ಅಂದರೆ ಶಸ್ತ್ರಚಿಕಿತ್ಸೆ ನಷ್ಟದ ಒಂದು ಭಾಗವನ್ನು ಮಾತ್ರ ತುಂಬಿಕೊಡುತ್ತದೆ. ಏನೂ ಮಾಡದೆ ಇರುವುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ನಾವು ಮರೆಯುತ್ತೇವೆ.

'ಮಧುಮೇಹ ವಾಸಿಯಾಗುತ್ತದೆಯೇ?' ವಾಸಿ ಎನ್ನುವುದಕ್ಕಿಂತ ಹತೋಟಿ ಎನ್ನುವುದು ಸರಿ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ರೋಗಿಗಳ ಮೇಲೆ ನಡೆದ ಪ್ರಯೋಗದ ಐದು ವರ್ಷಗಳ ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆಯನ್ನು 6 ಅಥವಾ ಅದಕ್ಕಿಂತ ಕೆಳಗೆ ತಂದುಕೊಂಡವರು ಬೈಪಾಸ್ ಆದವರಲ್ಲಿ ಶೇಕಡಾ 29, ಸ್ಲೀವ್ ಆದವರಲ್ಲಿ ಶೇಕಡಾ 23, ಕೇವಲ ಔಷಧ ಪಡೆದವರಲ್ಲಿ ಶೇಕಡಾ 5. ಲಾಭ ಸ್ಪಷ್ಟ, ಆದರೆ ಎಲ್ಲರಿಗೂ ಅಲ್ಲ.

'ತೂಕ ಮತ್ತೆ ಬರುವುದಿಲ್ಲವೇ?' ಸ್ವಲ್ಪ ಬರುತ್ತದೆ. ಮೇಲೆ ಹೇಳಿದ ಸ್ವೀಡನ್ನಿನ ಅಧ್ಯಯನದಲ್ಲಿ ಎರಡನೆಯ ವರ್ಷಕ್ಕೆ ಸರಾಸರಿ ಶೇಕಡಾ 23 ಇಳಿದಿದ್ದ ತೂಕ, ಇಪ್ಪತ್ತನೆಯ ವರ್ಷಕ್ಕೆ ಮೂಲ ತೂಕಕ್ಕಿಂತ ಶೇಕಡಾ 18 ಕಡಿಮೆ ಇತ್ತು. ಅಲ್ಲಿ ಬಹುಪಾಲು ಬಳಸಿದ್ದು ಈಗ ಕೈಬಿಟ್ಟಿರುವ ಹಳೆಯ ವಿಧಾನ. ಆದರೂ ಇಪ್ಪತ್ತು ವರ್ಷ ಉಳಿದ ಫಲವೆಂಬುದು ಗಮನಾರ್ಹ. ಸಿಹಿ, ಕರಿದ ತಿಂಡಿ, ಪಾನೀಯಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತೆಗೆದುಕೊಳ್ಳುವವರಲ್ಲಿ ಪುಟ್ಟ ಜಠರವೂ ಸೋಲುತ್ತದೆ.

'ಈಗ ಇಂಜೆಕ್ಷನ್ ಬಂದಿದೆಯಲ್ಲ, ಶಸ್ತ್ರಚಿಕಿತ್ಸೆ ಏಕೆ?' ನನ್ನ ತಂಗಿಯ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಇಂದು ಇದನ್ನು ಕೇಳಲೇಬೇಕು. ತಿರ್ಜೆಪಟೈಡ್ ಔಷಧ 'ಮೌಂಜಾರೊ' ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿಯೂ ಸೆಮಾಗ್ಲುಟೈಡ್ 'ವೆಗೋವಿ' ಹೆಸರಿನಲ್ಲಿ 2025ರ ಜೂನ್‌ನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಗಳಿಂದ ಸುಮಾರು ಒಂದೂವರೆ ವರ್ಷದಲ್ಲಿ ಸೆಮಾಗ್ಲುಟೈಡ್‌ನಲ್ಲಿ ಸರಾಸರಿ ಶೇಕಡಾ 15ರಷ್ಟು, ತಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಲ್ಲಿ ಶೇಕಡಾ 21ರಷ್ಟು ತೂಕ ಇಳಿದುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಹೀಗಾಗಿ ಇದು ದೀರ್ಘಕಾಲದ ಮಾಸಿಕ ಖರ್ಚು. ಬಿಎಂಐ ಬಹಳ ಹೆಚ್ಚಿಲ್ಲದವರು ಮೊದಲು ಔಷಧವನ್ನು ಯತ್ನಿಸುವುದು ಯುಕ್ತವಿರಬಹುದು. 40-45 ದಾಟಿದವರ ಲೆಕ್ಕ ಬೇರೆಯಾಗಬಹುದು. ಎರಡನ್ನೂ ಬಲ್ಲ ವೈದ್ಯರೇ ಇದನ್ನು ತೀರ್ಮಾನಿಸಬೇಕು.

'ಮುಂದೆ ಮಕ್ಕಳಾಗುತ್ತವೆಯೇ?' ಸ್ಥೂಲಕಾಯದಿಂದ ಮುಟ್ಟು ಏರುಪೇರಾಗಿದ್ದವರಲ್ಲಿ ತೂಕ ಇಳಿದ ಮೇಲೆ ಗರ್ಭಧಾರಣೆಯ ಸಾಧ್ಯತೆ ಹೆಚ್ಚುವುದುಂಟು. ಆದರೆ ಮೊದಲ 12ರಿಂದ 18 ತಿಂಗಳು ಗರ್ಭಧಾರಣೆ ಬೇಡವೆಂಬುದು ವೈದ್ಯರ ನಿಯಮ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೆಯಾಗದಿರಬಹುದಾದ್ದರಿಂದ ಬೇರೆ ಉಪಾಯವನ್ನು ಕೇಳಿ ತಿಳಿಯಬೇಕು.

ಖರ್ಚು ಮತ್ತು ವಿಮೆ

ಮಹಾನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂವರೆ ಲಕ್ಷದಿಂದ ಐದು ಲಕ್ಷ ರೂಪಾಯಿಯವರೆಗೆ ತಗಲುತ್ತದೆ. ಆಸ್ಪತ್ರೆ, ಕೋಣೆ, ಶಸ್ತ್ರಚಿಕಿತ್ಸೆಯ ವಿಧ ಇವುಗಳನ್ನು ಅನುಸರಿಸಿ ಇದು ಬದಲಾಗುತ್ತದೆ. ನನ್ನ ತಂಗಿಯ ಕಾಲಕ್ಕೆ ಅವರ ವಿಮೆಯಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಅವರು ಠೇವಣಿಯನ್ನು ಅವಧಿಗೆ ಮುಂಚೆ ಮುರಿದು ಹಣ ಕಟ್ಟಿದರು.

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪದ ನಿಯಮ ರೂಪಿಸಿತು. ಅದರಂತೆ ಸ್ಥೂಲಕಾಯದ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವ ಪಾಲಿಸಿಗಳಲ್ಲಿಯೂ ಕೆಲವು ಷರತ್ತುಗಳು ಪೂರ್ತಿಯಾದರೆ ಆ ನಿರಾಕರಣೆ ಅನ್ವಯಿಸುವುದಿಲ್ಲ. ವೈದ್ಯರ ಸಲಹೆ ಇರಬೇಕು, ವಯಸ್ಸು 18 ಅಥವಾ ಹೆಚ್ಚಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ಬೇರೆ ಉಪಾಯಗಳು ವಿಫಲವಾಗಿ, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆ ಇರಬೇಕು. ಗಮನಿಸಿ: ವೈದ್ಯಕೀಯ ಮಿತಿ ಹಾಗೂ ವಿಮೆಯ ಮಿತಿ ಒಂದೇ ಅಲ್ಲ. ವೈದ್ಯರು 33ಕ್ಕೆ ಸರಿ ಎಂದರೂ ವಿಮೆ ಒಪ್ಪದಿರಬಹುದು. ಕಾಯುವ ಅವಧಿಯೂ ಇರುತ್ತದೆ. ಮುಂಗಡ ಮಂಜೂರಾತಿಯನ್ನು ಬರಹದಲ್ಲಿಯೇ ಪಡೆಯಿರಿ. ಹಳೆಯ ಪಥ್ಯ ಮತ್ತು ಔಷಧಗಳ ದಾಖಲೆಗಳನ್ನು ಜೋಪಾನವಾಗಿಡಿ. ಶಸ್ತ್ರಚಿಕಿತ್ಸೆಯ ಬಿಲ್ಲಿನೊಂದಿಗೆ ಮುಂದಿನ ವರ್ಷಗಳ ವಿಟಮಿನ್ ಮಾತ್ರೆ, ರಕ್ತಪರೀಕ್ಷೆಗಳ ಖರ್ಚನ್ನೂ ಲೆಕ್ಕ ಹಾಕಬೇಕು.

ನಿರ್ಧಾರಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ನನ್ನ ತಂಗಿ ನಮ್ಮ ಆಕ್ಷೇಪಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ವೈದ್ಯರ ಮುಂದಿಟ್ಟಳು. ಎರಡನೆಯ ಭೇಟಿಗೆ ಅಮ್ಮನನ್ನೂ ಕರೆದೊಯ್ದಳು. ಈ ಕ್ರಮ ಎಲ್ಲರಿಗೂ ಉಪಯುಕ್ತವೆಂದು ನನ್ನ ಭಾವನೆ. ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು:

1. ನನಗೆ ಈ ವಿಧಾನವನ್ನೇ ಏಕೆ ಸೂಚಿಸುತ್ತೀರಿ? ಬೇರೆ ದಾರಿ ಇಲ್ಲವೇ?
2. ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ನೀವು ಮಾಡಿದ್ದೀರಿ? ತೊಂದರೆಗಳು ಎಷ್ಟು ಬಂದಿವೆ?
3. ತಂಡದಲ್ಲಿ ಆಹಾರತಜ್ಞರು, ಮನೋವೈದ್ಯರು, ಮಧುಮೇಹ ತಜ್ಞರು ಇದ್ದಾರೆಯೇ?
4. ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?
5. ಐದು ವರ್ಷಗಳ ತಪಾಸಣೆಯ ವ್ಯವಸ್ಥೆ ಹೇಗೆ?
6. ಒಟ್ಟು ಖರ್ಚೆಷ್ಟು? ತೊಂದರೆಯಾಗಿ ಹೆಚ್ಚು ದಿನ ಉಳಿಯಬೇಕಾದರೆ ಎಷ್ಟು?

ಈ ಪ್ರಶ್ನೆಗಳಿಗೆ ಬೇಸರಿಸುವ, 'ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ' ಎನ್ನುವ ಜಾಗದಿಂದ ಎದ್ದು ಬರುವುದೇ ಲೇಸು. ಸಾಧ್ಯವಾದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಬೇಕು.

ಅಡುಗೆಮನೆಯ ಹೊಸ ನಿಯಮಗಳು

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಅದರ ನಂತರದ ಬದುಕು ದಶಕಗಳದು. ಮನೆಯವರ ಸಹಕಾರ ಬೇಕಾಗುವುದು ಇಲ್ಲಿಯೇ.

ಮೊದಲ ದಿನಗಳಲ್ಲಿ ತಿಳಿನೀರು, ಸಾರಿನ ತಿಳಿ, ಮಜ್ಜಿಗೆಯಂಥ ದ್ರವಗಳು. ಆಮೇಲೆ ನುಣ್ಣಗೆ ಅರೆದ ಆಹಾರ, ಮೆತ್ತಗಿನ ಆಹಾರ. ಹೀಗೆ ಹಂತ ಹಂತವಾಗಿ ಸುಮಾರು ಎರಡು ತಿಂಗಳಲ್ಲಿ ಸಾಮಾನ್ಯ ಊಟಕ್ಕೆ ಬರುತ್ತಾರೆ. ಹಂತಗಳ ದಿನಗಳನ್ನು ಆಯಾ ಆಸ್ಪತ್ರೆಯ ಆಹಾರತಜ್ಞರೇ ನಿಗದಿಪಡಿಸುತ್ತಾರೆ. ಆಮೇಲೆಯೂ ಊಟ ಅರ್ಧ ಬಟ್ಟಲಿನಿಂದ ಒಂದು ಬಟ್ಟಲು. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮಲ್ಲಿ ಹಲವರ ಅಭ್ಯಾಸ. ಅದು ಇನ್ನು ಸಲ್ಲದು. ಊಟದ ನಡುವೆ ನೀರು ಕುಡಿಯಬಾರದು, ಅರ್ಧ ಗಂಟೆಯ ಅಂತರವಿರಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸವನ್ನು ಹೆಚ್ಚು ತಿಂದರೆ ಬೆವರು, ತಲೆಸುತ್ತು, ಭೇದಿ ಕಾಣಿಸಬಹುದು.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಅನ್ನ ಸಾರು ಪ್ರಧಾನವಾದ ಸಸ್ಯಾಹಾರಿ ಮನೆಗಳಲ್ಲಿ ಇದು ಸುಲಭವಲ್ಲ. ತೊವ್ವೆ, ಮೊಳಕೆಕಾಳು, ಪನೀರು, ಮೊಸರು, ಸೋಯಾ ಇವನ್ನು ಮೊದಲು ತಿಂದು, ಜಾಗ ಉಳಿದರೆ ಅನ್ನ. ಮೊಟ್ಟೆ, ಮೀನು ತಿನ್ನುವವರಿಗೆ ಕಷ್ಟ ಕಡಿಮೆ. ವಿಟಮಿನ್ ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ. 'ಈಗ ಚೆನ್ನಾಗಿದ್ದೀಯಲ್ಲ, ಮಾತ್ರೆ ಏಕೆ?' ಎಂದು ಯಾರೂ ಹೇಳಬಾರದು.

ಮನೆಯವರು ನೆನಪಿಡಬೇಕಾದ ಇನ್ನೊಂದು ಸಂಗತಿ: ಬೈಪಾಸ್ ಆದವರಿಗೆ ಮೊಣಕಾಲು ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ. ಮಧುಮೇಹದ ಔಷಧದ ಪ್ರಮಾಣವನ್ನು ಶಸ್ತ್ರಚಿಕಿತ್ಸೆಯಾದ ಕೂಡಲೇ ವೈದ್ಯರಿಂದ ಮರುನಿಗದಿ ಮಾಡಿಸಿಕೊಳ್ಳಬೇಕು. ಜ್ವರ, ಎದೆಬಡಿತದ ವೇಗ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ, ಕಾಲಿನ ಮೀನಖಂಡದಲ್ಲಿ ಊತ, ನಿಲ್ಲದ ವಾಂತಿ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮನಸ್ಸಿನ ಕಡೆಗೂ ಲಕ್ಷ್ಯವಿರಲಿ. ಊಟದಲ್ಲಿಯೇ ಸಮಾಧಾನ ಕಂಡುಕೊಂಡವರಿಗೆ ಆ ಆಸರೆ ತಪ್ಪಿದಾಗ ಖಿನ್ನತೆ ಬರಬಹುದು. ಕೆಲವರು ಮದ್ಯದ ಕಡೆ ವಾಲುತ್ತಾರೆ, ಮತ್ತು ಈ ಶಸ್ತ್ರಚಿಕಿತ್ಸೆಯ ನಂತರ ಮದ್ಯ ಬೇಗನೆ ಏರುತ್ತದೆ. ಇಂಥ ಲಕ್ಷಣ ಕಂಡರೆ ಮುಚ್ಚಿಡದೆ ಮನೋವೈದ್ಯರನ್ನು ಕಾಣಬೇಕು.

ನಿರ್ಧಾರ ಯಾರದು?

ಅಂದು ವೈದ್ಯರಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: 'ಇನ್ನು ಮುಂದೆ ಇವಳಿಗೆ ಹಸಿವೇ ಆಗುವುದಿಲ್ಲವೇ ಡಾಕ್ಟ್ರೇ?' ಮಕ್ಕಳಿಗೆ ಉಣಬಡಿಸುವುದನ್ನೇ ಪ್ರೀತಿಯೆಂದು ತಿಳಿದ ತಲೆಮಾರಿನ ಭಯ ಅದು. ಹಸಿವಾಗುತ್ತದೆ, ಸ್ವಲ್ಪದರಲ್ಲಿ ತೃಪ್ತಿಯಾಗುತ್ತದೆ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಅಮ್ಮ ಒಪ್ಪಿದರೆಂದು ಹೇಳಲಾರೆ. ಆದರೆ ಹೊರಗೆ ಬಂದು, 'ಮಾಡಿಸಿಕೊಳ್ಳುವುದಾದರೆ ನಾನು ಎರಡು ತಿಂಗಳು ನಿನ್ನ ಮನೆಯಲ್ಲಿ ಇರುತ್ತೇನೆ' ಎಂದರು. ಒಪ್ಪದೆಯೂ ಜೊತೆಗೆ ನಿಲ್ಲಬಹುದು ಎಂಬುದನ್ನು ನಾನು ಕಲಿತದ್ದು ಆಗ.

2018ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರಿತು, ಆಮೇಲೆ ಮರಳಿ ಬಂತು. ಒಂದೂವರೆ ವರ್ಷದಲ್ಲಿ ತೂಕ 74 ಕಿಲೋಗೆ ಇಳಿಯಿತು. 2021ರಲ್ಲಿ ಕಬ್ಬಿಣದ ಕೊರತೆಯಿಂದ ಇಂಜೆಕ್ಷನ್ ಪಡೆಯಬೇಕಾಯಿತು. ನಿಂತುಹೋಗಿದ್ದ ಮಧುಮೇಹದ ಮಾತ್ರೆಗಳಲ್ಲಿ ಒಂದನ್ನು 2023ರಲ್ಲಿ ಮತ್ತೆ ಆರಂಭಿಸಿದರು. ಈಗ ತೂಕ 81 ಕಿಲೋ. ಪಟ್ಟಿಯ ಪ್ರಕಾರ ಅವಳು ಇಂದಿಗೂ ಸ್ಥೂಲಕಾಯಳೇ. ಆದರೆ ರಾತ್ರಿ ಉಸಿರಾಟಕ್ಕೆ ಬೇಕಾಗಿದ್ದ ಯಂತ್ರ ಕಪಾಟು ಸೇರಿದೆ. ರೈಲಿನ ಸೇತುವೆಯನ್ನು ನನಗಿಂತ ಮೊದಲು ಹತ್ತಿ ಮೇಲೆ ನಿಂತು ಕಾಯುತ್ತಾಳೆ.

ಇದರಿಂದ ಎಲ್ಲರೂ ಮಾಡಿಸಿಕೊಳ್ಳಬೇಕೆಂಬ ತೀರ್ಮಾನಕ್ಕೆ ಬರಬಾರದು. ವಿಷಯವನ್ನೆಲ್ಲ ತಿಳಿದು ಬೇಡವೆಂದು ನಿರ್ಧರಿಸಿದವರ ನಿರ್ಧಾರವೂ ಗೌರವಾರ್ಹವೇ. ನನ್ನ ಅರಿಕೆ ಇಷ್ಟೇ. ಸಂದೇಹ ಪಡುವುದು ಮನೆಯವರ ಹಕ್ಕು. ಆದರೆ ಆ ಸಂದೇಹವನ್ನು ಪ್ರಶ್ನೆಯಾಗಿ ಬರೆದು ವೈದ್ಯರ ಮುಂದಿಡಬೇಕು, ರೋಗಿಯ ಮುಂದೆ ಗೋಡೆಯಾಗಿ ಕಟ್ಟಬಾರದು. ಉತ್ತರಗಳೆಲ್ಲ ಬಂದ ಮೇಲೆ ಸಹಿ ಹಾಕಬೇಕಾದದ್ದು ಆ ದೇಹವನ್ನು ಹೊತ್ತು ನಡೆಯುವವರೇ. ಸಹಿಯಾದ ಮೇಲೆ ಜಾಮೀನುದಾರರಂತೆ ನಿಲ್ಲಬೇಕಾದವರು ನಾವು.

ಕೊನೆಯದಾಗಿ ನಮ್ಮ ಸಂಘಗಳ ಹಬ್ಬ, ವಾರ್ಷಿಕೋತ್ಸವಗಳ ಊಟದ ಪಂಕ್ತಿಯಲ್ಲಿ ಬಡಿಸುವ ಬಂಧುಗಳಿಗೆ ಒಂದು ವಿನಂತಿ. ಎಲೆಯ ಮುಂದೆ ಕುಳಿತವರು ಕೈ ಅಡ್ಡ ಹಿಡಿದು ಸಾಕು ಎಂದರೆ ಅದು ಸಂಕೋಚವೆಂದು ಭಾವಿಸಿ ಮತ್ತೆ ಬಡಿಸಬೇಡಿ. ಆ ಮಾತಿನ ಹಿಂದೆ ಬಹಳ ಕಷ್ಟಪಟ್ಟು ಕೈಗೊಂಡ ನಿರ್ಧಾರವೊಂದು ಇರಬಹುದು.